ಎರಡು ಸ್ಟಾರ್ ಕೊಟ್ಟಿದ್ದ ಬ್ರೇಕ್ ಪ್ಯಾಡ್‌ಗೆ ಈಗ ನಾಲ್ಕು ಕೊಡುತ್ತಿದ್ದೇನೆ

ಈ ಪ್ಯಾಡಿಗೆ ಮೊದಲು ನಾನು ಕೊಟ್ಟದ್ದು ಎರಡೇ ಸ್ಟಾರ್. "13,000 ಕಿಲೋಮೀಟರಿಗೇ ಸವೆದು ಹೋಯಿತು, ದುಡ್ಡು ದಂಡ" ಅಂತ ಸಿಟ್ಟಿನಲ್ಲಿ ಬರೆದಿದ್ದೆ. ಅದೇ ಪ್ಯಾಡಿನ ಎರಡನೇ ಸೆಟ್ ಈಗ ಎರಡು ಮಳೆಗಾಲ ಕಂಡಿದೆ, 31,000 ದಾಟಿದೆ. ಇನ್ನೂ ಅರ್ಧದಷ್ಟು ಉಳಿದಿದೆ. ತಪ್ಪು ಪ್ಯಾಡಿನದ್ದಾಗಿರಲಿಲ್ಲ.

ನನ್ನದು ಹತ್ತು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್. ಪೆರ್ಲದಿಂದ ಬದಿಯಡ್ಕ, ಚೆರ್ಕಳ ಆಗಿ ಕಾಸರಗೋಡಿನ ಶಾಲೆಗೆ ದಿನಾ ಹೋಗಿ ಬರಬೇಕು. ಏರು, ಇಳುಕಲು, ತಿರುವು ಜಾಸ್ತಿ. ಜೂನ್ ಹಿಡಿದರೆ ನಾಲ್ಕು ತಿಂಗಳು ಚಕ್ರ ಒಣಗುವುದೇ ಇಲ್ಲ. ಇದರ ಮೇಲೆ ಹೈವೇ 66ರ ಕೆಲಸದ ಕೆಂಪು ಕೆಸರು ಬೇರೆ. ಇಷ್ಟೆಲ್ಲ ಇದ್ದರೂ ಕಾರಿನ ಜೊತೆ ಬಂದ ಪ್ಯಾಡ್ 46,000 ಓಡಿತ್ತು. ಹಾಗಿರುವಾಗ ಹೊಸದು 13,000ಕ್ಕೆ ಮುಗಿದರೆ ಸಿಟ್ಟು ಬರದೆ ಇರುತ್ತದಾ?

ಮೊದಲು ಕೇಳಿದ್ದು ಎಡಗಡೆ ಮುಂದಿನ ಚಕ್ರದಿಂದ ಸಣ್ಣ 'ಕೀಂ'. ಬಗ್ಗಿ ಚಕ್ರದ ಸಂದಿಯಲ್ಲಿ ಟಾರ್ಚ್ ಹಾಕಿ ನೋಡಿದೆ. ಪ್ಯಾಡ್ ದಪ್ಪವೇ ಇತ್ತು. ಸಮಾಧಾನ ಮಾಡಿಕೊಂಡು ಒಂದು ವಾರ ಹಾಗೇ ಓಡಿಸಿದೆ. ನಾನು ಮೋಸ ಹೋದದ್ದು ಇಲ್ಲೇ. ಮುಂದಿನ ಒಂದೊಂದು ಚಕ್ರಕ್ಕೂ ಪ್ಯಾಡ್ ಎರಡೆರಡು, ಡಿಸ್ಕಿನ ಆಚೆ ಒಂದು, ಈಚೆ ಒಂದು. ಹೊರಗಿನಿಂದ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಒಳಗಿನದ್ದು ಡಿಸ್ಕಿನ ಹಿಂದೆ ಅಡಗಿರುತ್ತದೆ.

ಭಾನುವಾರ ಅಂಗಳದಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿ ಏರಿಸಿ, ಬಿಚ್ಚಿದ ಚಕ್ರವನ್ನು ಕಾರಿನಡಿಗೆ ತಳ್ಳಿದೆ. ಜಾಕಿಯೊಂದನ್ನೇ ನಂಬಬಾರದು. ಹೊರಗಿನ ಪ್ಯಾಡನ್ನು ಶಾಲೆಯ ಸ್ಕೇಲಿನಲ್ಲಿ ಅಳೆದೆ, 7 ಮಿಲಿಮೀಟರ್. ಒಳಗಿನದ್ದು ಒಂದು ತುದಿಯಲ್ಲಿ 3, ಇನ್ನೊಂದು ತುದಿಯಲ್ಲಿ 2 ಕೂಡ ಇಲ್ಲ. ಓರೆಯಾಗಿ ಕೊಯ್ದ ತೆಂಗಿನಕಾಯಿ ಹೋಳಿನ ಹಾಗೆ. ಬಲಗಡೆ ಚಕ್ರದಲ್ಲಿ ಎರಡೂ ಹೆಚ್ಚು ಕಡಿಮೆ ಸಮ. ಪ್ಯಾಡಿನ ಮಾಲೇ ಕೆಟ್ಟದ್ದಾದರೆ ನಾಲ್ಕೂ ಸವೆಯಬೇಕಿತ್ತಲ್ವಾ? ಈ ಪ್ರಶ್ನೆ ಆ ದಿನ ನನ್ನ ತಲೆಗೆ ಬರಲಿಲ್ಲ. ಸಂಜೆ ಕೂತು ಎರಡು ಸ್ಟಾರ್ ಒತ್ತಿದೆ.

ಬದಿಯಡ್ಕದಲ್ಲಿ ಒಂದು ಸಣ್ಣ ಗ್ಯಾರೇಜ್ ಇದೆ. ಅಲ್ಲಿಯ ಅಣ್ಣ ಪ್ಯಾಡ್ ಕೈಯಲ್ಲಿ ಹಿಡಿದದ್ದೇ, "ಪ್ಯಾಡ್ ಅಲ್ಲ ಮಾಷೇ, ಪಿನ್ನು ಜಾಮ್" ಅಂದರು. ಎರಡು ಪ್ಯಾಡನ್ನೂ ಡಿಸ್ಕಿಗೆ ಒತ್ತುವ ಹಿಡಿಕೆಗೆ ಕ್ಯಾಲಿಪರ್ ಅನ್ನುತ್ತಾರೆ. ನಮ್ಮಂಥ ಕಾರಿನ ಕ್ಯಾಲಿಪರಿನಲ್ಲಿ ಪಿಸ್ಟನ್, ಅಂದರೆ ಬ್ರೇಕ್ ಆಯಿಲಿನ ಒತ್ತಡಕ್ಕೆ ಮುಂದೆ ಬರುವ ಉರುಳೆ, ಇರುವುದು ಒಳಬದಿಯಲ್ಲಿ ಒಂದೇ. ಬ್ರೇಕ್ ಒತ್ತಿದಾಗ ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ತಳ್ಳುತ್ತದೆ. ಆಗ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಹಿಂದೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದುಕೊಳ್ಳಬೇಕು. ಪಿನ್ ಜಾರದಿದ್ದರೆ ಕೆಲಸವೆಲ್ಲ ಒಳಗಿನದ್ದಕ್ಕೆ, ಹೊರಗಿನದ್ದು ಸುಮ್ನೆ ಕೂತಿರುತ್ತದೆ. ಎರಡರಲ್ಲಿ ಒಂದೇ ಪಿನ್ ಹಿಡಿದರೆ ಪ್ಯಾಡ್ ಓರೆ ಸವೆಯುತ್ತದೆ.

ಪಿಸ್ಟನ್ ಸಿಕ್ಕಿಹಾಕಿಕೊಂಡರೂ ಒಳಗಿನದ್ದೇ ಸವೆಯುತ್ತದಂತೆ. ಅದಕ್ಕೆ ಮೊದಲು ಕ್ಲ್ಯಾಂಪ್ ಹಾಕಿ ಪಿಸ್ಟನ್ ಒತ್ತಿ ನೋಡಿದರು. ಮೆತ್ತಗೆ ಒಳಗೆ ಹೋಯಿತು. ಅದು ಸರಿ ಇದೆ ಅಂತಾಯಿತು. ಮೇಲಿನ ಪಿನ್ ಬೆರಳಲ್ಲಿ ಎಳೆದರೆ ಬಂತು. ಕೆಳಗಿನದ್ದು ಬರಬೇಕಾದರೆ ತಿರುಗಿಸಿ ತಿರುಗಿಸಿ ಹತ್ತು ನಿಮಿಷ. ಬಂದದ್ದಕ್ಕೆ ಹೊತ್ತಿದ ಬೆಲ್ಲದ ಪಾಕದ ಹಾಗೆ ಕಂದು ಅಂಟು. ತುದಿಯಲ್ಲಿದ್ದ ರಬ್ಬರಿನ ತೋಳು ಉಬ್ಬಿ ಮೆತ್ತಗಾಗಿತ್ತು. ಅಣ್ಣ ಮೂಸಿ ನೋಡಿ, "ಇದಕ್ಕೆ ಬೇರಿಂಗ್ ಗ್ರೀಸ್ ಹಾಕಿದ್ದು ಯಾರು?" ಅಂತ ಕೇಳಿದರು.

ಯಾರು ಅಂತ ನನಗೆ ಗೊತ್ತು. ಹಿಂದಿನ ಸಲ ಪ್ಯಾಡ್ ಬದಲಿಸಿದ ಎಸಿ ವೇಯ್ಟಿಂಗ್ ರೂಮಿನ ವರ್ಕ್‌ಶಾಪ್. ಕಾಫಿ ಕೊಟ್ಟಿದ್ದರು, ಬಿಲ್ಲಿನಲ್ಲಿ 'ಬ್ರೇಕ್ ಸರ್ವಿಸ್' ಅಂತ ಬೇರೆ ಸಾಲೂ ಇತ್ತು. ಮಾಮೂಲಿ ಗ್ರೀಸಿಗೆ ಈ ರಬ್ಬರ್ ಉಬ್ಬುತ್ತದೆ. ಉಬ್ಬಿದರೆ ಪಿನ್ ಹಿಡಿಯುತ್ತದೆ. ಇಲ್ಲಿಗೆ ಬೇಕಾದದ್ದು ಸಿಲಿಕೋನ್ ಬ್ರೇಕ್ ಗ್ರೀಸ್.

ಹೊಸ ರಬ್ಬರ್ ಕಿಟ್ ಹಾಕಿದರು, ಪ್ಯಾಡ್ ಕೂರುವ ಜಾಗದ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿದರು. ಕಿಟ್ಟಿನ ಬೆಲೆ ಪ್ಯಾಡಿನ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ಅಂಗಡಿಯಲ್ಲಿ ಬೇರೆ ಪ್ಯಾಡ್ ಇರಲಿಲ್ಲ, ಮತ್ತೆ ಇದನ್ನೇ ಹಾಕಿಸಿದೆ. ಮೊನ್ನೆ ಅಳೆದಾಗ ಎಡಗಡೆ ಒಳಗೆ 5, ಹೊರಗೆ 5.5.

ಹಾಗಂತ ಎಲ್ಲ ಸವೆತಕ್ಕೂ ಪಿನ್ನೇ ಕಾರಣ ಅಲ್ಲ. ನಮ್ಮ ಭಾವನ ಕಾರಿನಲ್ಲಿ ಬಲಗಡೆಯ ಎರಡೂ ಪ್ಯಾಡ್ ಖಾಲಿ, ಎಡಗಡೆಯವು ದಪ್ಪ. ಬ್ರೇಕ್ ಬಿಟ್ಟ ಮೇಲೂ ಚಕ್ರ ಹಿಡಿದೇ ಇರುತ್ತಿತ್ತು. ಕ್ಯಾಲಿಪರಿನಿಂದ ಆಯಿಲ್ ಹೊರಗೆ ಬಿಡುವ ಸ್ಕ್ರೂ, ಅಂದರೆ ಬ್ಲೀಡಿಂಗ್ ನಿಪ್ಪಲ್, ಸಡಿಲಿಸಿದ ಕೂಡಲೇ ಬಿಟ್ಟಿತು. ಅಲ್ಲಿ ಹಾಳಾದದ್ದು ರಬ್ಬರ್ ಹೋಸ್, ಒಳಗೇ ಉಬ್ಬಿ ಆಯಿಲ್ ಹಿಂದೆ ಹೋಗಲು ಬಿಡುತ್ತಿರಲಿಲ್ಲ.

ಇನ್ನೊಂದು ವಿಷಯ. ಪ್ಯಾಡ್ ಸವೆದ ಹಾಗೆ ಬ್ರೇಕ್ ಆಯಿಲಿನ ಮಟ್ಟ ಇಳಿಯುತ್ತದೆ. ಕಡಿಮೆಯಾಯಿತೆಂದು ನಾನು ತುಂಬಿಸಿಟ್ಟಿದ್ದೆ. ಪಿಸ್ಟನ್ ಒಳಗೆ ಒತ್ತಿದಾಗ ಆಯಿಲ್ ಡಬ್ಬಿ ಉಕ್ಕಿ ಪಕ್ಕದ ಪೇಂಟ್ ಹೋಯಿತು. ಆ ಕಲೆ ಈಗಲೂ ಇದೆ.

ಐದನೇ ಸ್ಟಾರ್ ಯಾಕಿಲ್ಲ? ಮಳೆಗಾಲದ ಬೆಳಿಗ್ಗೆ ಮೊದಲ ಎರಡು ಮೂರು ಸಲ ಬ್ರೇಕ್ ಒತ್ತುವಾಗ 'ಗರ್' ಅನ್ನುತ್ತದೆ. ಅದು ರಾತ್ರಿ ಡಿಸ್ಕಿಗೆ ಹಿಡಿದ ತುಕ್ಕು, ಅದಕ್ಕೆ ಅಂಕ ಕಳೆಯುವುದಿಲ್ಲ. ಆದರೆ ಕಪ್ಪು ಹುಡಿ ಮಾತ್ರ ಈ ಪ್ಯಾಡಿನದ್ದೇ. ಭಾನುವಾರ ತೊಳೆದ ಚಕ್ರ ಬುಧವಾರಕ್ಕೆ ಮಸಿ.