ಹಸಿರು ಟಿಕ್ ನಂಬಿ ಕೆಟ್ಟೆ: ಮೇಲ್ ಕಳಿಸುವ ಸರ್ವಿಸ್ ಜೊತೆ ಎರಡು ವರ್ಷ

ನಾನು ಸಾಗರದಲ್ಲಿ ಕೂತು ನಾಟಿ ತರಕಾರಿ ಬೀಜ ಮಾರುತ್ತೇನೆ. ಗಿರಾಕಿಗಳಲ್ಲಿ ಹೆಚ್ಚಿನವರು ಬೆಂಗಳೂರಿನ ತಾರಸಿ ತೋಟದವರು. ಪಟ್ಟಿಯಲ್ಲಿ 1,800 ಚಿಲ್ಲರೆ ವಿಳಾಸ ಇವೆ, ತಿಂಗಳಿಗೊಂದು ಪತ್ರ ಹೋಗುತ್ತದೆ, ಅದನ್ನು ಕಳಿಸಲು ಒಂದು ಹೊರಗಿನ ಸರ್ವಿಸ್. ಹೆಸರು ಹಾಕುವುದಿಲ್ಲ. ಟೆಂಪ್ಲೇಟು, ಬಣ್ಣ, ಎಡಿಟರ್ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ, ಬಿಡಿ. ನನ್ನ ತಕರಾರು ಅವರ ಸೆಟಪ್ ಪುಟದ ಒಂದೇ ಒಂದು ಸಾಲಿನ ಮೇಲೆ.

2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿದ್ದು ಗೊತ್ತಲ್ವಾ? ದಿನಕ್ಕೆ 5,000 ಅಥವಾ ಹೆಚ್ಚು ಮೇಲ್ ಜಿಮೇಲಿಗೆ ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಬೇಕು. ಎಸ್‌ಪಿಎಫ್ ಅಂದರೆ ಡೊಮೈನ್ (ವಿಳಾಸದಲ್ಲಿ @ ಆದ ಮೇಲಿನ ಹೆಸರು) ಪರವಾಗಿ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನುವ ಪಟ್ಟಿ, ಡಿಕಿಮ್ ಅಂದರೆ ಮೇಲ್‌ಗೆ ಹಾಕುವ ಡಿಜಿಟಲ್ ಸಹಿ, ಡಿಮಾರ್ಕ್ ಅಂದರೆ ಇವೆರಡೂ ಹೊಂದದ ಮೇಲನ್ನು ಏನು ಮಾಡಬೇಕು ಅನ್ನುವ ಸೂಚನೆ. ನನ್ನಂಥ ಸಣ್ಣವರಿಗೂ ಮೊದಲೆರಡರಲ್ಲಿ ಒಂದಾದರೂ ಇರಲೇಬೇಕು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೇ ಬಂತು. ಮುಂಗಾರಿಗೆ ಮುಂಚೆ ಬೀಜ ಕೈಸೇರಬೇಕು ಅಂತ ಎಲ್ಲರಿಗೂ ಅವಸರ. ಫೋನ್ ಶುರುವಾಯಿತು.

"ಸರ್, ದುಡ್ಡು ಕಟ್ ಆಗಿದೆ, ನಿಮ್ಮಿಂದ ಒಂದು ಮೇಲೂ ಇಲ್ಲ. ಬೀಜ ಬರುತ್ತೋ ಇಲ್ವೋ?"

ಅವತ್ತೇ ರಾತ್ರಿ ಸೆಟಪ್‌ಗೆ ಕೂತೆ. ಡಿಕಿಮ್‌ಗೆ ಎರಡು ಸಿನೇಮ್ ದಾಖಲೆ (ಒಂದು ಹೆಸರನ್ನು ಇನ್ನೊಂದರ ಕಡೆ ತೋರಿಸುವ ಸಾಲು) ಕೊಟ್ಟಿದ್ದರು. ಹೆಸರನ್ನು ಪೂರ್ತಿ ಕಾಪಿ ಮಾಡಿ ಡೊಮೈನಿನ ದಾಖಲೆಗಳನ್ನಿಡುವ ಡಿಎನ್‌ಎಸ್ ಪ್ಯಾನೆಲ್‌ನಲ್ಲಿ ಅಂಟಿಸಿದೆ. ಪ್ಯಾನೆಲ್ ಏನು ಮಾಡಿತು ಅಂದರೆ, ಕೊನೆಗೆ ತಾನೇ ಇನ್ನೊಂದು ಸಲ ಡೊಮೈನ್ ಸೇರಿಸಿಕೊಂಡಿತು. ಬಾಲಕ್ಕೆ ಇನ್ನೊಂದು ಬಾಲ. ಪರದೆಯಲ್ಲಿ ಹೆಸರು ಉದ್ದವಾಗಿ, ಮಧ್ಯೆ ಚುಕ್ಕಿ ಚುಕ್ಕಿಯಾಗಿ ಕತ್ತರಿಸಿ ಕಾಣುತ್ತಿದ್ದರಿಂದ ಗೊತ್ತೇ ಆಗಲಿಲ್ಲ. ಸರ್ವಿಸ್‌ನವರ ಕಡೆ "48 ಗಂಟೆ ಕಾಯಿರಿ" ಅಂತ ಬಂತು. ಕಾದೆ. ಎಷ್ಟು ಕಾದರೂ ಬರುವಂಥದ್ದಲ್ಲ ಅದು! ಮೂರನೇ ದಿನ ಮೌಸ್ ಅಕಸ್ಮಾತ್ ಆ ಹೆಸರಿನ ಮೇಲೆ ನಿಂತಾಗ ಪೂರ್ತಿ ಕಂಡಿತು. ಬಾಲ ಕತ್ತರಿಸಿದೆ, ಹತ್ತು ನಿಮಿಷದಲ್ಲಿ ಹಸಿರು ಟಿಕ್.

ಇದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಮುಂದಿನದು ಅವರದ್ದು.

"ಈ ಟಿಎಕ್ಸ್‌ಟಿ ದಾಖಲೆ ಸೇರಿಸಿ" ಅಂತ ಎಸ್‌ಪಿಎಫ್ ಸಾಲು ಕೊಟ್ಟಿದ್ದರು (ಟಿಎಕ್ಸ್‌ಟಿ ಅಂದರೆ ಡಿಎನ್‌ಎಸ್‌ನಲ್ಲಿಡುವ ಬರಹದ ಸಾಲು). ಸೇರಿಸಿದೆ. ಮತ್ತೊಂದು ಹಸಿರು ಟಿಕ್. ಆದರೆ ನನ್ನ ದಿನನಿತ್ಯದ ಮೇಲ್‌ಬಾಕ್ಸ್ ಬೇರೆ ಕಂಪನಿಯದು, ಅದರ ಎಸ್‌ಪಿಎಫ್ ಸಾಲು ಅಲ್ಲಿ ಆಗಲೇ ಇತ್ತು. ಒಂದು ಡೊಮೈನಿಗೆ ಎಸ್‌ಪಿಎಫ್ ಒಂದೇ ಇರಬೇಕು. ಎರಡಿದ್ದರೆ ಪರೀಕ್ಷಿಸುವ ಸರ್ವರ್ ಯಾವುದು ಸರಿ ಅಂತ ಆರಿಸಿಕೊಳ್ಳುವುದಿಲ್ಲ, ಎರಡನ್ನೂ ಬಿಟ್ಟು 'ಪರ್ಮ್‌ಎರರ್', ಅಂದರೆ ಕಾಯಂ ದೋಷ, ಅನ್ನುತ್ತದೆ. ಅಲ್ಲಿಗೆ ಸರಿಯಾಗಿ ಹೋಗುತ್ತಿದ್ದ ನನ್ನ ಮಾಮೂಲಿ ಮೇಲ್‌ಗಳೂ ಕೆಟ್ಟವು. ಒಂದು ಶಾಲೆಯವರು ಕೈತೋಟಕ್ಕೆ ಕೊಟೇಶನ್ ಕೇಳಿದ್ದರು. ಎರಡು ಸಲ ಕಳಿಸಿದೆ, ಎರಡೂ ಸ್ಪ್ಯಾಮ್‌ಗೆ. ಅವರು ಬೇರೆಯವರ ಹತ್ತಿರ ಕೊಂಡರು. "ಮೊದಲೇ ಸಾಲು ಇದ್ದರೆ ಅದರೊಳಗೇ ಸೇರಿಸಿ" ಅಂತ ಒಂದು ಮಾತು ಬರೆಯಲು ಎಷ್ಟು ಜಾಗ ಬೇಕು ಹೇಳಿ?

ಸಪೋರ್ಟ್‌ಗೆ ಬರೆದರೆ ಬಂದ ಮೊದಲ ಉತ್ತರ "ನಿಮಗೇ ಅಂತ ಪ್ರತ್ಯೇಕ ಐಪಿ ತಗೊಳ್ಳಿ". ಐಪಿ ಅಂದರೆ ಮೇಲ್ ಕಳಿಸುವ ಸರ್ವರ್‌ನ ನಂಬರು ವಿಳಾಸ. ತಿಂಗಳಿಗೆ ಎರಡು ಸಾವಿರ ಮೇಲ್ ಕಳಿಸುವವನಿಗೆ ಪ್ರತ್ಯೇಕ ಐಪಿ ಯಾಕೆ? ಅಷ್ಟು ಕಡಿಮೆ ಮೇಲ್‌ಗೆ ಆ ಐಪಿಗೊಂದು ಒಳ್ಳೆ ಹೆಸರೇ ಕಟ್ಟಿಕೊಳ್ಳುವುದಿಲ್ಲ. ಸುಮ್ನೆ ದುಡ್ಡು ದಂಡ.

ಆರನೇ ದಿನ ಅವರಲ್ಲೇ ಒಬ್ಬ ಎಂಜಿನಿಯರ್ ಸಿಕ್ಕಿದರು. ಅವರು ಹೇಳಿದ್ದು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಎಸ್‌ಪಿಎಫ್ ಸಾಲು ನನಗೆ ಬೇಕೇ ಇರಲಿಲ್ಲವಂತೆ!

ಅಂಚೆ ಕವರ್ ನೆನಪಿಸಿಕೊಳ್ಳಿ. ಕವರ್ ಮೇಲೆ 'ಇಂದ' ಅಂತ ಒಂದು ವಿಳಾಸ, ಒಳಗಿನ ಕಾಗದದ ತಲೆಯಲ್ಲಿ ಇನ್ನೊಂದು. ಮೇಲ್‌ಗೂ ಹಾಗೇ ಎರಡಿವೆ. ಓದುವವರಿಗೆ ಕಾಣುವುದು ಒಳಗಿನದು, ಎಸ್‌ಪಿಎಫ್ ನೋಡುವುದು ಕವರ್ ಮೇಲಿನದನ್ನು. ವಾಪಸ್ ಬಂದ ಮೇಲ್ ತಮಗೇ ಸಿಗಲಿ ಅಂತ ಸರ್ವಿಸ್‌ನವರು ಕವರ್ ಮೇಲೆ ತಮ್ಮದೇ ಡೊಮೈನ್ ಹಾಕಿರುತ್ತಾರೆ. ಅಂದ ಮೇಲೆ ಅವರು ಕಳಿಸುವ ಮೇಲ್‌ಗೆ ನನ್ನ ಡೊಮೈನಿನ ಎಸ್‌ಪಿಎಫನ್ನು ಯಾರೂ ನೋಡುವುದೇ ಇಲ್ಲ. ಡಿಮಾರ್ಕ್ ಕೇಳುವುದು ಬೇರೆ: ಎಸ್‌ಪಿಎಫ್ ಅಥವಾ ಡಿಕಿಮ್, ಒಂದಾದರೂ ಪಾಸ್ ಆಗಬೇಕು ಮತ್ತು ಆ ಡೊಮೈನ್ ಒಳಗಿನ 'ಇಂದ'ಕ್ಕೆ ಹೊಂದಬೇಕು. ಡಿಕಿಮ್ ನನ್ನ ಹೆಸರಲ್ಲೇ ಸಹಿ ಹಾಕುತ್ತಿದ್ದರೆ ಅಷ್ಟೇ ಸಾಕು. ಕವರನ್ನೂ ಹೊಂದಿಸಬೇಕೆಂದರೆ ಬೌನ್ಸ್‌ಗೆ (ವಾಪಸ್ ಬರುವ ಮೇಲ್‌ಗೆ) ಅಂತ ನನ್ನ ಡೊಮೈನಿನ ಕೆಳಗೇ ಒಂದು ಸಬ್‌ಡೊಮೈನ್ ಮಾಡಿ ಸಿನೇಮ್‌ನಿಂದ ಅವರ ಕಡೆ ತೋರಿಸಬೇಕು. ಆ ಆಯ್ಕೆ ಎಲ್ಲಿತ್ತು ಗೊತ್ತಾ? 'ಅಡ್ವಾನ್ಸ್ಡ್' ಅನ್ನುವ ಮಡಚಿಟ್ಟ ಪೆಟ್ಟಿಗೆಯೊಳಗೆ. ಬೇಡದ್ದು ಎದುರಿಗೆ, ಬೇಕಾದ್ದು ಅಟ್ಟದ ಮೇಲೆ.

ಸಾಲು ತೆಗೆದೆ, ಸಬ್‌ಡೊಮೈನ್ ಮಾಡಿದೆ, ಪತ್ರಗಳು ಸರಿಯಾಗಿ ತಲುಪಿದವು. ಆದರೆ "ದುಡ್ಡು ಕಟ್ಟಿದ್ದೇವೆ, ಮೇಲ್ ಇಲ್ಲ" ಅನ್ನುವ ಫೋನ್ ಮಾತ್ರ ನಿಲ್ಲಲಿಲ್ಲ. ಸರ್ವಿಸ್‌ನವರಿಗೆ ಇನ್ನೊಂದು ಸುತ್ತು ಬೈದು ಬರೆದೆ. ಅಷ್ಟರಲ್ಲಿ ಮೇಲ್ ಪಡೆಯುವ ಕಂಪನಿಗಳಿಂದ ಡಿಮಾರ್ಕ್ ವರದಿ (ನನ್ನ ಹೆಸರಲ್ಲಿ ಯಾವ ಸರ್ವರ್ ಎಷ್ಟು ಮೇಲ್ ಕಳಿಸಿತು ಅನ್ನುವ ಲೆಕ್ಕ) ಬರಲು ಶುರುವಾಗಿತ್ತು. ಎಂಜಿನಿಯರ್ ಹೇಳಿದಂತೆ ಡಿಮಾರ್ಕ್ ಸೂಚನೆಯನ್ನು 'ನನ್' (none) ಅಂತ ಇಟ್ಟಿದ್ದೆ, ಅಂದರೆ ಯಾರನ್ನೂ ತಡೆಯಬೇಡ, ನೋಡಿ ವರದಿ ಕೊಡು ಸಾಕು. ಜಿಪ್ ಮಾಡಿದ ಎಕ್ಸ್‌ಎಂಎಲ್ ಕಡತ, ನೋಡಿದರೆ ತಲೆ ತಿರುಗುತ್ತದೆ. ಪುಣ್ಯಕ್ಕೆ ಇದೇ ಸರ್ವಿಸ್‌ನವರು ಅದನ್ನು ಟೇಬಲ್ ಮಾಡಿ ತೋರಿಸುತ್ತಾರೆ. ಅದರಲ್ಲಿ ಸಾಲಾಗಿ ಕೆಂಪು ಕಂಡಿದ್ದು ನನ್ನದೇ ವೆಬ್‌ಸೈಟ್ ಇರುವ ಸರ್ವರ್! ಆರ್ಡರ್ ಮೇಲ್‌ಗಳು ಸರ್ವಿಸ್ ಮೂಲಕ ಹೋಗುತ್ತಲೇ ಇರಲಿಲ್ಲ. ಅಂಗಡಿ ಪುಟ ಅವನ್ನು ತನ್ನ ಪಾಡಿಗೆ, ಸಹಿ ಇಲ್ಲದೆ ತಾನೇ ಕಳಿಸುತ್ತಿತ್ತು. ನಾನು ಬೈದಿದ್ದು ಯಾರನ್ನು! ಆರ್ಡರ್ ಮೇಲ್ ಕೂಡ ಸರ್ವಿಸ್ ಮೂಲಕ ಹೋಗುವಂತೆ ಸೆಟಿಂಗ್ ಬದಲಿಸಿದೆ. ಆ ವಾರದಿಂದ ಫೋನ್ ನಿಂತಿತು.

ಅಲ್ಲಿಂದ ನನ್ನ ಸಿಟ್ಟು ಇಳಿಯಿತು. ಈಗ ಬೆಳಿಗ್ಗೆ ಕಾಫಿ ಲೋಟ ಹಿಡಿದು ಮೊದಲು ತೆಗೆಯುವುದು ಆ ಟೇಬಲ್. ನಿನ್ನೆ ಎಷ್ಟು ಹೋದವು, ಎಲ್ಲಿಂದ ಹೋದವು. ಆಗಾಗ ಗುರುತು ಪರಿಚಯ ಇಲ್ಲದ ಐಪಿಯೊಂದು ನನ್ನ ಹೆಸರಲ್ಲಿ ಏಳೆಂಟು ಮೇಲ್ ಕಳಿಸಿರುತ್ತದೆ. ಆ 'ನನ್' ಅನ್ನು ನಾಲ್ಕು ತಿಂಗಳಾದ ಮೇಲೆ 'ಕ್ವಾರಂಟೈನ್' (ಅನುಮಾನದ್ದನ್ನು ಸ್ಪ್ಯಾಮ್‌ಗೆ ಹಾಕು), ಮತ್ತೆ ಮೂರು ತಿಂಗಳಿಗೆ 'ರಿಜೆಕ್ಟ್' (ಒಳಗೇ ಬಿಡಬೇಡ) ಮಾಡಿದೆ. ಅಂಥವುಗಳ ಎದುರು ಆ ಪದ ನೋಡುವಾಗ ತೋಟದ ಬೇಲಿ ಗಟ್ಟಿ ಇದೆ ಅನ್ನುವ ಖುಷಿ. "ಏನ್ರೀ, ಮಳೆ ಲೆಕ್ಕ ನೋಡ್ತಿದೀರಾ?" ಅಂತ ಮನೆಯವಳು ಕೇಳುತ್ತಾಳೆ.

ಪತ್ರ ಕಳಿಸುವ ಮುಂಚೆ ಜಿಮೇಲ್, ಯಾಹೂ, ಔಟ್‌ಲುಕ್‌ನ ನನ್ನ ಮೂರು ಖಾತೆಗೆ ಒಂದೊಂದು ಪ್ರತಿ ಬಿಡುತ್ತೇನೆ. ಜಿಮೇಲ್‌ನಲ್ಲಿ ಮೂರು ಚುಕ್ಕಿ ಒತ್ತಿ 'ಶೋ ಒರಿಜಿನಲ್' ತೆಗೆದರೆ ಮೇಲ್ಗಡೆಯೇ ಮೂರು ಸಾಲಲ್ಲಿ ಪಾಸ್, ಪಾಸ್, ಪಾಸ್. ಆಮೇಲೇ ಪಟ್ಟಿಗೆ.

ಬೆಲೆ ಡಾಲರ್‌ನಲ್ಲಿ, ಮೇಲೆ ಜಿಎಸ್‌ಟಿ. ನನ್ನ ವ್ಯಾಪಾರಕ್ಕೆ ಸ್ವಲ್ಪ ಜಾಸ್ತಿಯೇ, ಆದರೂ ಆ ಟೇಬಲ್‌ಗೋಸ್ಕರ ಈ ಸಲವೂ ವರ್ಷಕ್ಕೆ ಕಟ್ಟಿದೆ. ಐದಕ್ಕೆ ಮೂರೂವರೆ. ಒಂದೂವರೆ ಯಾಕೆ ಕಡಿಮೆ ಅಂದರೆ, ಕಟ್ಟಿದ ದಿನ ಅವರ ಸೆಟಪ್ ಪುಟ ಮತ್ತೆ ತೆಗೆದು ನೋಡಿದೆ. "ಈ ಟಿಎಕ್ಸ್‌ಟಿ ದಾಖಲೆ ಸೇರಿಸಿ." ಇನ್ನೂ ಅಲ್ಲೇ ಇದೆ.