ತೋಟದಂಚಿಗೆ ಯುವಿ ದೀಪ: ದೀಪ ಕೊಳ್ಳಿ, ಪರದೆ ಬಿಡಿ

ರಾತ್ರಿ ಬೆಳಕಿಗೆ ಬರುವ ಪತಂಗಗಳನ್ನು ಬಟ್ಟೆಯ ಮೇಲೆ ಕೂರಿಸಿ ನೋಡುವವರಿಗೆಂದು ಆನ್‌ಲೈನ್‌ನಲ್ಲಿ ಮಾರುವ 10 ವ್ಯಾಟ್‌ನ ಯುಎಸ್‌ಬಿ ಯುವಿ (ಅತಿನೇರಳೆ) ದೀಪ ಒಳ್ಳೆಯದೇ. ಜೊತೆಗೆ ಬರುವ ಮಡಚುವ ಪರದೆ ಮಾತ್ರ ದಂಡ. ಅದರ ನುಣುಪು ನೈಲಾನ್ ಮೇಲೆ ಹುಳದ ಕಾಲು ನಿಲ್ಲುವುದಿಲ್ಲ. ಕಾರವಾರದ ಕಡಲಗಾಳಿಗಂತೂ ಕೋಲೇ ಮಗುಚುತ್ತದೆ. ಎರಡು ಮರಕ್ಕೆ ಹಗ್ಗ ಕಟ್ಟಿ ಹಳೇ ಬಿಳಿ ಪಂಚೆ ಇಳಿಬಿಡಿ, ಸಾಕು.

ಕೊಳ್ಳುವಾಗ ಬೆಳಕಿನ ತರಂಗಾಂತರ 365 ನ್ಯಾನೋಮೀಟರ್ ಎಂದು ಬರೆದದ್ದನ್ನೇ ಆರಿಸಿ. ಅಗ್ಗದವು ಹೆಚ್ಚಾಗಿ 395ರವು. ಕಣ್ಣಿಗೆ ಕಡು ನೇರಳೆ ಕಾಣುತ್ತವೆ, ಹುಳಗಳನ್ನು ಅಷ್ಟು ಸೆಳೆಯುವುದಿಲ್ಲ. 10,000 ಎಂಎಎಚ್ ಪವರ್‌ಬ್ಯಾಂಕ್‌ನಲ್ಲಿ ಸುಮಾರು ಮೂರು ತಾಸು ಉರಿಯುತ್ತದೆ. ಇದು ಸಾಲದು: ಅನೇಕ ದೊಡ್ಡ ಪತಂಗಗಳು ಬರುವುದೇ ನಡುರಾತ್ರಿಯ ಹೊತ್ತಿಗೆ. 20,000ದ್ದು ಇಟ್ಟುಕೊಳ್ಳಿ.

ದೀಪವನ್ನು ನೆಲದಲ್ಲಿ ಮೇಲ್ಮುಖವಾಗಿ ಇಡಬೇಡಿ. ಹಾರುವ ಹುಳ ಬೆಳಕಿನ ಕಡೆ ಬೆನ್ನು ತಿರುಗಿಸುತ್ತದೆ ಎಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬೆಳಕು ಕೆಳಗಿದ್ದರೆ ಅದು ಅಂಗಾತವಾಗಿ ದೊಪ್ಪನೆ ಬೀಳುತ್ತದೆ. ಎದೆಮಟ್ಟದಲ್ಲಿ, ಬಟ್ಟೆಗೆ ಒಂದಡಿ ಮುಂದೆ ತೂಗುಹಾಕಿ. ಅಡಿಗೆ ಇನ್ನೊಂದು ಬಟ್ಟೆ ಹಾಸಿ, ದುಂಬಿಗಳು ಅಲ್ಲೇ ಸಿಗುತ್ತವೆ.

ಶಿರಸಿಯ ಕಡೆ ಅಡಿಕೆ ತೋಟ ಸೊಪ್ಪಿನ ಬೆಟ್ಟಕ್ಕೆ (ತೋಟದ ಗೊಬ್ಬರಕ್ಕೆ ಸೊಪ್ಪು ಕಡಿಯುವ ಕಾಡಿಗೆ) ತಾಗುವ ಅಂಚೇ ಸರಿಯಾದ ಜಾಗ. ಅಮಾವಾಸ್ಯೆಯ ಆಸುಪಾಸು, ಮಳೆ ಹೊಳವಾದ ಸೆಕೆಯ ರಾತ್ರಿ ಬಟ್ಟೆಯೇ ಕಾಣದಷ್ಟು ಹುಳ. ಜಗತ್ತಿನಲ್ಲಿ ಹೆಸರಿಟ್ಟ ಚಿಟ್ಟೆಗಳು ಸುಮಾರು 18,000. ಪತಂಗಗಳು ಒಂದೂವರೆ ಲಕ್ಷದ ಹತ್ತಿರ. ಹಗಲು ಕಂಡದ್ದು ಎಷ್ಟು ಕಡಿಮೆ ಎಂಬುದು ಇಲ್ಲಿ ಲೆಕ್ಕಕ್ಕೆ ಸಿಗುತ್ತದೆ. ತೊಗಟೆಯ ಚೂರು ಎಂದುಕೊಂಡದ್ದಕ್ಕೆ ಗರಿಯಂಥ ಮೀಸೆ ಇದ್ದರೆ ಅದು ಗಂಡು ಪತಂಗ ಇರಬಹುದು. ಮೊದಲ ಮಳೆಯ ಸಂಜೆ ಮಾತ್ರ ಹಚ್ಚಬೇಡಿ, ರೆಕ್ಕೆಗೆದ್ದಲು ಬಿಟ್ಟರೆ ಬೇರೇನೂ ಕಾಣದು.

ಇರುವೆಯಂತೆ ಸಣ್ಣಗೆ, ಕಿತ್ತಳೆ-ಕಪ್ಪು ಪಟ್ಟೆಯ ಪೆಡೆರಸ್ ದುಂಬಿ ಕುತ್ತಿಗೆಗೆ ಹತ್ತಿದರೆ ಉಜ್ಜಬೇಡಿ, ಊದಿ ಹಾರಿಸಿ. ಅರೆದರೆ ಅದರ ರಸದಿಂದ ಮರುದಿನ ಸುಟ್ಟಂತೆ ಬೊಬ್ಬೆ ಏಳುತ್ತದೆ. ದೀಪವನ್ನೂ ದಿಟ್ಟಿಸಬೇಡಿ; ಯುವಿ ತಡೆಯುವ ಕನ್ನಡಕ ಇರಲಿ.

ಬೆಳಗಾಗುವ ಮೊದಲೇ ದೀಪ ಆರಿಸಿ, ಬಟ್ಟೆಯನ್ನು ಪೊದೆಯೊಳಗೆ ಮೆಲ್ಲಗೆ ಕೊಡವಿ. ಇಲ್ಲದಿದ್ದರೆ ಕಾಜಾಣ, ಪಿಕಳಾರಗಳಿಗೆ ಪುಕ್ಕಟೆ ಊಟ.

ದೀಪದ ಮೇಲಿನ ದೂರು ಒಂದೇ: ಯುಎಸ್‌ಬಿ ಪಿನ್‌ಗೆ ಮುಚ್ಚಳ ಕೊಟ್ಟಿಲ್ಲ. ಮಲೆನಾಡಿನ ಥಂಡಿಗೆ, ಕರಾವಳಿಯ ಉಪ್ಪುಗಾಳಿಗೆ ಅದು ಬೇಗ ಕಿಲುಬು ಹಿಡಿಯುತ್ತದೆ. ಒರೆಸಿ, ಅಕ್ಕಿ ಡಬ್ಬಿಯಲ್ಲಾದರೂ ಇಡಿ.