ಮಾಚು ಪಿಚುವಿಗೆ ಹಣ ಕಟ್ಟುವ ಮುನ್ನ ಸರ್ಕ್ಯೂಟ್ ಯಾವುದೆಂದು ಕೇಳಿ

ಕಳೆದ ಆಗಸ್ಟಿನಲ್ಲಿ ನಾನು, ನನ್ನ ಪತ್ನಿ ಮತ್ತು ಒಂಬತ್ತು ವರ್ಷದ ಮಗಳು ಮಾಚು ಪಿಚುವಿನ ಅವಶೇಷಗಳನ್ನೂ ಅಮೆಜಾನ್ ಕಾಡನ್ನೂ ನೋಡಲೆಂದು ಪೆರುವಿಗೆ ಹೋಗಿದ್ದೆವು. ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ಪ್ರವಾಸ ಸಂಸ್ಥೆಯೊಂದಕ್ಕೆ ಮುಂಗಡವಾಗಿಯೇ ಪೂರ್ತಿ ಕಟ್ಟಿ, ಟಿಕೆಟ್ಟಿನಿಂದ ಮಾರ್ಗದರ್ಶಿಯವರೆಗೆ ಎಲ್ಲವನ್ನೂ ಅವರಿಗೇ ಒಪ್ಪಿಸಿದೆವು. ಅದರಿಂದ ಏನಾಯಿತೆಂಬುದನ್ನು ಅಲ್ಲಿಗೆ ಹೊರಡಲಿರುವವರಿಗಾಗಿ ಬರೆಯುತ್ತಿದ್ದೇನೆ.

ಇಂಕಾ ದೊರೆ ಪಚಾಕುಟಿಯ ಕಾಲದಲ್ಲಿ, ಎಂದರೆ ಹೆಚ್ಚುಕಡಿಮೆ ನಮ್ಮ ಇಮ್ಮಡಿ ದೇವರಾಯನ ಕಾಲದಲ್ಲಿ, ಕಟ್ಟಿದ ಊರು ಮಾಚು ಪಿಚು. ಹಂಪಿಯಲ್ಲಿ ನಾವು ಇಷ್ಟ ಬಂದ ಕಡೆ ತಿರುಗಾಡುವಂತೆ ಅಲ್ಲಿ ತಿರುಗುವಂತಿಲ್ಲ. 2024ರಿಂದ ಅಲ್ಲಿ ಮೂರು ಸರ್ಕ್ಯೂಟ್‌ಗಳಿವೆ, ಎಂದರೆ ನಡೆದು ನೋಡಲು ಗೊತ್ತುಮಾಡಿದ ದಾರಿಗಳು. ಟಿಕೆಟ್ಟಿನ ಮೇಲೆ ನಿಮ್ಮ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಒಳಹೋಗುವ ಗಂಟೆ ಮತ್ತು ಸರ್ಕ್ಯೂಟ್ ನಮೂದಾಗಿರುತ್ತವೆ, ಒಂದರಿಂದ ಇನ್ನೊಂದಕ್ಕೆ ದಾಟಲು ಬಿಡುವುದಿಲ್ಲ. ಚಿತ್ರಗಳಲ್ಲಿ ನಾವೆಲ್ಲ ಕಂಡಿರುವ, ಮೇಲಿನ ಮೆಟ್ಟಿಲು ಗದ್ದೆಗಳಿಂದ ಇಡೀ ಊರು ಕಾಣುವ ನೋಟ ಒಂದು ಮತ್ತು ಎರಡನೆಯ ಸರ್ಕ್ಯೂಟ್‌ಗಳಿಗೆ ಸೇರಿದ್ದು. ಆ ನೋಟದ ಜೊತೆಗೆ ಊರೊಳಗಿನ ಕಟ್ಟಡಗಳನ್ನೂ ನೋಡಬೇಕೆಂದರೆ ಎರಡನೆಯದೇ ಬೇಕು. ‘ಸಂಪೂರ್ಣ ದರ್ಶನ’ ಎಂದು ಹೇಳಿ ನಮಗೆ ಕೊಟ್ಟಿದ್ದು ಕೆಳಭಾಗದಲ್ಲಷ್ಟೇ ಸಾಗುವ ಮೂರನೆಯದು. ಬಾಗಿಲಲ್ಲಿ ಸಿಬ್ಬಂದಿ ತೋರಿಸಿದಾಗಲೇ ಅದು ನಮಗೆ ತಿಳಿದದ್ದು. ಬೆಟ್ಟದ ಬುಡದ ಆಗ್ವಾಸ್ ಕಾಲಿಯೆಂಟೆಸ್ ಊರಿನಲ್ಲಿ ಮುಂದಿನ ದಿನಕ್ಕೆ ಒಂದಿಷ್ಟು ಟಿಕೆಟ್‌ಗಳನ್ನು ನೇರವಾಗಿ ಮಾರುತ್ತಾರೆ, ಆದರೆ ಅದೇ ಸಂಜೆಯ ರೈಲಿಗೆ ನಮ್ಮ ಸೀಟು ಕಾದಿರಿಸಲಾಗಿತ್ತು. ಸೂರ್ಯ ದೇವಾಲಯದ ಕಲ್ಲಿನ ಕೆಲಸ ನೋಡಿ ಬೆರಗಾದದ್ದು ನಿಜ. ಮಗಳು ‘ಅಪ್ಪಾ, ಮೇಲಿಂದ ಯಾವಾಗ ನೋಡೋದು’ ಎಂದು ಕೇಳುತ್ತಲೇ ಇದ್ದುದೂ ನಿಜ.

ಇದಕ್ಕೂ ಮೊದಲೇ ಎರಡು ದಿನ ಹಾಳಾಗಿದ್ದವು. ಸಮುದ್ರ ತೀರದ ಲಿಮಾದಿಂದ ವಿಮಾನದಲ್ಲಿ ನೇರವಾಗಿ ಕುಸ್ಕೊ ನಗರದಲ್ಲಿ ಇಳಿಸಿದ್ದರು. ಅದು ಸುಮಾರು 3,400 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಪತ್ನಿಗೆ ತಲೆನೋವು, ವಾಂತಿ ಶುರುವಾಗಿ ಆಮ್ಲಜನಕ ಕೊಡಿಸಬೇಕಾಯಿತು. ಮಾಚು ಪಿಚು ಕುಸ್ಕೊಗಿಂತ ಸುಮಾರು ಸಾವಿರ ಮೀಟರ್ ತಗ್ಗಿನಲ್ಲಿರುವುದರಿಂದ, ಮೊದಲು ಕೆಳಗಿನ ಕಣಿವೆಯ ಒಯಾಂಟಾಯ್‌ಟಾಂಬೊ ಊರಿನಲ್ಲಿ ತಂಗಿ ಕೊನೆಯಲ್ಲಿ ಕುಸ್ಕೊಗೆ ಬರುವಂತೆ ಯೋಜಿಸಿದ್ದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತಿತ್ತು.

ಆದರೆ ನನಗೆ ಇಂದಿಗೂ ನೋವು ಕೊಡುವುದು ಕಾಡಿನ ಭಾಗ. ಒಪ್ಪಂದದಲ್ಲಿ ಇದ್ದುದು ‘ಅಮೆಜಾನ್ ವನ್ಯಜೀವಿ ಸಫಾರಿ’ ಎಂಬ ಮಾತು ಮಾತ್ರ. ಬಾಯಿಮಾತಿನಲ್ಲಿ ಅವರು ಹೇಳಿದ್ದು ಪಕಾಯಾ ಸಮೀರಿಯಾ ಅಭಯಾರಣ್ಯದ ಹೆಸರನ್ನು. ಇಪ್ಪತ್ತು ಲಕ್ಷ ಹೆಕ್ಟೇರಿಗೂ ಹೆಚ್ಚು ವಿಸ್ತಾರದ, ಗುಲಾಬಿ ಡಾಲ್ಫಿನ್‌ಗಳಿರುವ ಜೌಗು ಕಾಡು ಅದು. ಹೊರಗಿನಿಂದ ರಸ್ತೆಯೇ ಇಲ್ಲದ ಇಕಿಟೋಸ್ ನಗರಕ್ಕೆ ಹಾರಿ, ಅಲ್ಲಿಂದ ನಾವ್ಟಾ ಎಂಬ ಊರಿಗೆ ಹೋಗಿ, ದೋಣಿಯಲ್ಲಿ ಒಳನಡೆಯಬೇಕು. ನಮ್ಮನ್ನು ನಾವ್ಟಾಕ್ಕೆ ಒಯ್ಯಲೇ ಇಲ್ಲ. ಇಕಿಟೋಸ್‌ನಿಂದ ದೋಣಿಯಲ್ಲಿ ಸ್ವಲ್ಪ ದೂರ ಹೋಗಿ ನದಿ ದಡದ ಮನೆಯೊಂದರ ಮುಂದೆ ಇಳಿಸಿದರು. ಕಂಬಕ್ಕೆ ಕಟ್ಟಿದ ಮರಿಕೋತಿ, ಬಾಯಿಗೆ ಟೇಪು ಸುತ್ತಿದ ಅನಕೊಂಡ, ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟುತ್ತಿದ್ದ ಒಂದು ಸ್ಲಾತ್; ಫೋಟೊ ಒಂದಕ್ಕೆ ಇಷ್ಟು ಎಂದು ದುಡ್ಡು. ಸ್ಲಾತ್ ಎಂದರೆ ಮರದ ತುದಿಯಲ್ಲಿ ದಿನದ ಬಹುಪಾಲು ಅಲುಗಾಡದೆ ಇರುವ ಜೀವಿ. ಅದನ್ನು ಮಗಳ ಕೈಗಿಡಲು ಬಂದಾಗ ಅವಳು ಹಿಂದೆ ಸರಿದಳು. ಕಬಿನಿಯಲ್ಲಿ ಜೀಪಿನೊಳಗೆ ಉಸಿರು ಬಿಗಿಹಿಡಿದು ಕೂರುವುದನ್ನು ಕಲಿತ ಮಗು ಅದು. ಇಂಥ ಜಾಗಗಳಿಗೆ ಪ್ರಾಣಿಗಳು ಬರುವುದು ಕಾಡಿನಿಂದ ಹಿಡಿದು ತಂದಾಗಲೇ. ನಾವು ಕೊಡುವ ಪ್ರತಿ ನಾಣ್ಯವೂ ಮತ್ತೊಂದು ಮರಿಯನ್ನು ಹಿಡಿಯಲು ಕೊಟ್ಟ ಕೂಲಿ. ಆದ್ದರಿಂದ ಯಾವ ಸಂರಕ್ಷಿತ ಪ್ರದೇಶ, ಅದರೊಳಗೆ ಎಷ್ಟು ರಾತ್ರಿ, ಪ್ರವೇಶ ಶುಲ್ಕ ಸೇರಿದೆಯೇ, ಪ್ರಾಣಿಗಳನ್ನು ಮುಟ್ಟಿಸುತ್ತಾರೆಯೇ ಎಂದು ದಯವಿಟ್ಟು ಕೇಳಿ. ‘ಮುಟ್ಟಬಹುದು’ ಎಂಬ ಉತ್ತರ ಬಂದರೆ ಅಲ್ಲಿಗೇ ಬಿಟ್ಟುಬಿಡಿ.

ಇನ್ನೊಂದು ವಿಷಯವನ್ನು ಸಂಸ್ಥೆ ಹೇಳಲೇ ಇಲ್ಲ. ಪೆರು ಹಳದಿ ಜ್ವರವಿರುವ ದೇಶಗಳ ಪಟ್ಟಿಯಲ್ಲಿದೆ; ಅಲ್ಲಿಂದ ಭಾರತಕ್ಕೆ ಮರಳುವವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲಿ ತಡೆದು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಚುಚ್ಚುಮದ್ದು ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಆ ಪತ್ರಕ್ಕೆ ಮಾನ್ಯತೆ, ಮತ್ತು ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಅದು ಸಿಗುತ್ತದೆ. ವೈದ್ಯರಾದ ನನ್ನ ಭಾವ ಎಚ್ಚರಿಸಿದ್ದರಿಂದ ನಾವು ಪಾರಾದೆವು. ನಮ್ಮ ಜೊತೆ ಬಂದಿದ್ದ ಹಿರಿಯ ದಂಪತಿಗೆ ಹೇಳುವವರು ಯಾರೂ ಇರಲಿಲ್ಲ. ಅವರನ್ನು ನಿಲ್ದಾಣದಿಂದಲೇ ಪ್ರತ್ಯೇಕ ವಾಸಕ್ಕೆ ಕರೆದೊಯ್ದರು.

ಮರಳಿದ ಮೇಲೆ ಹಣ ಕೇಳಿದಾಗ, ಒಪ್ಪಂದದಲ್ಲಿ ಸರ್ಕ್ಯೂಟ್ ಸಂಖ್ಯೆಯಾಗಲಿ ಅಭಯಾರಣ್ಯದ ಹೆಸರಾಗಲಿ ಇಲ್ಲವಲ್ಲ ಎಂಬ ಉತ್ತರ ಬಂತು. ಪತ್ರದಲ್ಲಿ ಅವು ಇಲ್ಲದಿದ್ದುದು ನಿಜವೇ, ಆದ್ದರಿಂದ ಅವೆರಡನ್ನೂ ಬರೆಸಿಕೊಳ್ಳದೆ ನೀವು ಹಣ ಕಟ್ಟಬೇಡಿ. ಮಾಚು ಪಿಚು ಟಿಕೆಟ್ಟನ್ನಂತೂ ಪೆರುವಿನ ಸಂಸ್ಕೃತಿ ಸಚಿವಾಲಯದ ಅಧಿಕೃತ ಜಾಲತಾಣದಲ್ಲಿ ನೀವೇ ಕೊಳ್ಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಅವಕಾಶವಿರುವುದರಿಂದ, ಅವರು ಕಳುಹಿಸಿದ್ದ ವಾಟ್ಸಾಪ್ ಸಂದೇಶಗಳನ್ನೆಲ್ಲ ಮುದ್ರಿಸಿ ಮೈಸೂರಿನಲ್ಲಿ ದೂರು ಸಲ್ಲಿಸಿದ್ದೇವೆ. ವಿಚಾರಣೆ ಇನ್ನೂ ಆರಂಭವಾಗಬೇಕಿದೆ.